ನಮ್ಮ ಹಾಸ್ಟೆಲಿನ ಸೂಜಿ

ಕಾಲೇಜಿನ ಸಂಚಿಕೆಗೆ ಹಳೇ ವಿದ್ಯಾರ್ಥಿಗಳು ಏನಾದರೂ ಬರೆದುಕೊಡಿ ಅಂತ ಕೇಳಿದಾಗ, ಎಲ್ಲರೂ ಮೇಷ್ಟ್ರುಗಳ ಬಗ್ಗೆಯೇ ಬರೆಯುತ್ತಾರೆ ಅಂತ ನನಗೆ ಗೊತ್ತಿತ್ತು. ಬರೆಯಲಿ, ನಮ್ಮ ಮೇಷ್ಟ್ರುಗಳು ಅದಕ್ಕೆ ತಕ್ಕವರೇ. ಆದರೆ ಮೈಸೂರಿನ ಆ ಮೂರು ವರ್ಷ ಅಂದ ತಕ್ಷಣ ನನಗೆ ನೆನಪಾಗುವುದು ಸರಸ್ವತಿಪುರಂನ ಹಾಸ್ಟೆಲಿನಲ್ಲಿ ಪಕ್ಕದ ರೂಮಿನಲ್ಲಿದ್ದ ಒಬ್ಬ ಮಂಡ್ಯದ ಹುಡುಗ. ಗೆಳೆಯ ಅನ್ನೋಣ ಅಂದರೆ ಆಗ ಅಷ್ಟೇನೂ ಹತ್ತಿರದವನಲ್ಲ, ಪರಿಚಯ ಅಷ್ಟೆ. ಫೋನ್ ಮಾಡಿ, ನಿನ್ನ ಬಗ್ಗೆ ಬರೀಲಾ ಅಂತ ಕೇಳಿದೆ. "ಬರ್ಕೊ. ಹೆಸ್ರು ಮಾತ್ರ ಹಾಕಬ್ಯಾಡ" ಅಂದ. ಹಾಗಾಗಿ ಹಾಸ್ಟೆಲಿನಲ್ಲಿ ನಾವು ಕರೆಯುತ್ತಿದ್ದ ಹೆಸರೇ ಇರಲಿ. ಸೂಜಿ.

ಅವನ ಅಂಗಿಯ ಕಾಲರಿನ ಒಳಮಡಿಕೆಯಲ್ಲಿ ಯಾವಾಗಲೂ ಒಂದು ಸೂಜಿ ಚುಚ್ಚಿರುತ್ತಿತ್ತು. ಅದರ ಸುತ್ತ ಎರಡು ಮೊಳ ಬಿಳಿ ದಾರ. ತರಗತಿಯಲ್ಲಿ ಪಾಠ ಬೇಸರವಾದಾಗ ನಾವು ಬೆಂಚಿನ ಮೇಲೆ ಹೆಸರು ಕೆತ್ತುತ್ತಿದ್ದರೆ ಇವನು ಬ್ಯಾಗಿನ ಕಿತ್ತುಹೋದ ಪಟ್ಟಿ ಹೊಲಿಯುತ್ತಿದ್ದ. ಕೂದಲು ತಾನೇ ಕತ್ತರಿಸಿಕೊಳ್ಳುತ್ತಿದ್ದ, ಎರಡು ಕನ್ನಡಿ ಇಟ್ಟುಕೊಂಡು. (ಚೆನ್ನಾಗಿ ಅಲ್ಲ. ಹಿಂದುಗಡೆ ಮೆಟ್ಟಿಲು ಮೆಟ್ಟಿಲಾಗಿರುತ್ತಿತ್ತು.) ಸೈಕಲ್ ಪಂಕ್ಚರ್ ಆದರೆ ಬಕೆಟ್ ನೀರಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಎಲ್ಲಿಂದ ಬರುತ್ತದೆ ಅಂತ ನೋಡುತ್ತಾ ಕೂರುತ್ತಿದ್ದ.

ಬೇರೆಯವರ ಕೆಲಸ ಮಾಡಿಕೊಡುತ್ತಿದ್ದನಾ ಅಂದರೆ, ಇಲ್ಲ. ಅಲ್ಲೇ ನಮಗೂ ಅವನಿಗೂ ಜಗಳ.

ಕೊನೇ ವರ್ಷ, ಕೆಮಿಸ್ಟ್ರಿ ವೈವಾ ದಿನ. ಒಂಬತ್ತೂವರೆಗೆ ಲ್ಯಾಬಿನಲ್ಲಿರಬೇಕು. ಒಂಬತ್ತು ಗಂಟೆಗೆ ಅಂಗಿ ಹಾಕಿಕೊಳ್ಳುವಾಗ ಎದೆಯ ಹತ್ತಿರದ ಗುಂಡಿ ಕೈಗೇ ಬಂತು. ಇದ್ದದ್ದು ಅದೊಂದೇ ಒಳ್ಳೆ ಅಂಗಿ. ಓಡಿಹೋಗಿ ಸೂಜಿಯ ಬಾಗಿಲು ಬಡಿದೆ. "ಅಂಗಿ ಬಿಚ್ಲಾ" ಅಂದ, ಬಿಚ್ಚಿಕೊಟ್ಟೆ. ಸೂಜಿ ತೆಗೆದು ನನ್ನ ಕೈಗೇ ಕೊಟ್ಟ.

"ಮಾಡ್ಕೊಡಾಕಿಲ್ಲ ಕಣ್ಲಾ. ತೋರ್ಸ್ಕೊಡ್ತೀನಿ."

ಕೊಲ್ಲಬೇಕು ಅನ್ನಿಸಿತು. ಆದರೂ ಬರೀ ಬನಿಯನ್ನಲ್ಲಿ ಅವನ ಮಂಚದ ಮೇಲೆ ಕೂತೆ. ದಾರದ ತುದಿ ಎಂಜಲು ಮಾಡಿ ಪೋಣಿಸುವುದಕ್ಕೇ ನಾಲ್ಕು ಸಲ ಬೇಕಾಯಿತು. ಅವನು ಬೆಂಕಿಪೊಟ್ಟಣದಿಂದ ಒಂದು ಕಡ್ಡಿ ತೆಗೆದು ಗುಂಡಿಯ ಮೇಲೆ ಅಡ್ಡ ಇಟ್ಟ. ಕಡ್ಡಿಯ ಮೇಲಿಂದ ದಾರ ಹೋಗಬೇಕು. ಆರೇಳು ಸಲ ಹೊಲಿದ ಮೇಲೆ ಕಡ್ಡಿ ಎಳೆದುಬಿಟ್ಟರೆ ದಾರ ಸ್ವಲ್ಪ ಸಡಿಲ ಸಿಗುತ್ತದೆ. ಆ ಸಡಿಲಕ್ಕೆ, ಗುಂಡಿ ಮತ್ತು ಬಟ್ಟೆಯ ನಡುವೆ, ದಾರವನ್ನು ಮೂರು ಸುತ್ತು ಸುತ್ತಿ ಗಂಟು ಹಾಕಬೇಕು. ಆಗ ಗುಂಡಿಗೆ ಒಂದು ಕತ್ತು ಬರುತ್ತದೆ, ಕಾಜಾ ಒಳಗೆ ಸಲೀಸಾಗಿ ಕೂರುತ್ತದೆ, ಬೇಗ ಕಿತ್ತುಬರುವುದಿಲ್ಲ. ಹತ್ತು ನಿಮಿಷ ತಡವಾಗಿ ವೈವಾಗೆ ಹೋದೆ, ಬೈಸಿಕೊಂಡೆ. ವೈವಾದಲ್ಲಿ ಏನು ಕೇಳಿದರು ಅಂತ ಈಗ ಒಂದಕ್ಷರವೂ ನೆನಪಿಲ್ಲ.

ಈ ಸ್ವಭಾವ ಅವನಿಗೆ ಪುಸ್ತಕ ಓದಿ ಬಂದದ್ದಲ್ಲ. ಎನ್ನೆಸ್ಸೆಸ್ ಕ್ಯಾಂಪಿಗೆ ನಂಜನಗೂಡು ದಾಟಿ ಬದನವಾಳಿಗೆ ಹೋಗಿದ್ದೆವು. 1927ರಲ್ಲಿ ಗಾಂಧೀಜಿ ಬಂದುಹೋದ ಖಾದಿ ಕೇಂದ್ರ ಅಲ್ಲಿದೆ ಅಲ್ವಾ, ಅದನ್ನು ನೋಡಲು. ನಾವೆಲ್ಲ ಫೋಟೊ ತೆಗೆಸಿಕೊಳ್ಳುತ್ತಿದ್ದರೆ ಇವನು ನೂಲುತ್ತಿದ್ದ ಒಬ್ಬ ಅಜ್ಜಿಯ ಪಕ್ಕ ಕೂತು ಹತ್ತಿಯ ಹಂಜಿ ಹಿಡಿದೇಬಿಟ್ಟ. ಬಲಗೈ ಚಕ್ರ ತಿರುಗಿಸಬೇಕು, ಎಡಗೈ ಹಂಜಿಯನ್ನು ನಿಧಾನಕ್ಕೆ ಹಿಂದೆ ಎಳೆಯಬೇಕು. ಇವನು ಎಳೆದಾಗೆಲ್ಲ ಕದಿರಿನ ಹತ್ತಿರ ನೂಲು ಪಟ್ ಅಂತ ಕಿತ್ತುಹೋಗುತ್ತಿತ್ತು. ಅಜ್ಜಿ ನಕ್ಕೂ ನಕ್ಕೂ ಸುಸ್ತಾದಳು, ಆದರೆ ಅವನ ಕೈಯಿಂದ ಕಿತ್ತುಕೊಂಡು ತಾನು ಮಾಡಿ ತೋರಿಸಲಿಲ್ಲ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವನು ಹೇಳಿದ್ದು ಅದೊಂದನ್ನೇ: "ನೋಡ್ದಾ, ಅಜ್ಜಿ ಕಿತ್ಕೊಳ್ಳಲಿಲ್ಲ." 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಬದನವಾಳಿನಲ್ಲಿ ಸತ್ಯಾಗ್ರಹಕ್ಕೆ ಕೂತಾಗ ಸೂಜಿಯೂ ಒಂದು ದಿನ ಹೋಗಿದ್ದನಂತೆ. ಭಾಷಣ ಕೇಳಲಿಲ್ಲ, ಅಡಿಗೆಮನೆಯಲ್ಲಿ ತರಕಾರಿ ಹೆಚ್ಚಿ ಬಂದೆ ಅಂದ.

ಅವನನ್ನು ಸುಮ್ನೆ ಹೊಗಳುತ್ತಾ ಹೋಗಲು ನನಗೆ ಇಷ್ಟವಿಲ್ಲ. ಎರಡನೇ ವರ್ಷದಲ್ಲಿ ಅವನಿಗೆ ಜ್ವರ ಬಂತು. ಯಾರಿಗೂ ಹೇಳಲಿಲ್ಲ. ಮೂರು ದಿನ ಬಾಗಿಲು ಹಾಕಿಕೊಂಡು ಮೆಣಸಿನ ಕಷಾಯ ಕುಡಿದುಕೊಂಡು ಮಲಗಿದ್ದವನು ನಾಲ್ಕನೇ ದಿನ ಬಚ್ಚಲಲ್ಲಿ ಬಿದ್ದಿದ್ದ. ಟೈಫಾಯ್ಡ್. ನಾವು ನಾಲ್ಕು ಜನ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರೆ, ಪ್ರಜ್ಞೆ ಬಂದವನೇ "ಯಾಕ್ರಲಾ ಹೊತ್ಕೊಂಡ್ ಬಂದ್ರಿ, ನಾನೇ ಬತ್ತಿದ್ದೆ" ಅಂದ. ಸ್ವಾವಲಂಬನೆ ಅಂತ ಅದನ್ನು ಯಾರಾದರೂ ಕರೆದರೆ ನಾನು ಒಪ್ಪುವುದಿಲ್ಲ. ಅದು ಬರೀ ಹಟ. ಅವತ್ತೇ ಅವನ ಮುಖಕ್ಕೆ ಹೇಳಿದೆ.

ಸರದಿ ಹಾಕಿಕೊಂಡು ಆರು ರಾತ್ರಿ ಅವನ ಹತ್ತಿರ ಮಲಗಿದೆವು. ಹುಷಾರಾಗಿ ಬಂದ ಎರಡು ವಾರಕ್ಕೆ, ಒಂದು ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ, ನಮ್ಮ ನಾಲ್ಕು ಜನದ ಹೊದಿಕೆ, ದುಪ್ಪಟಿ, ದಿಂಬಿನ ಚೀಲ ಎಲ್ಲ ತಾರಸಿ ಮೇಲೆ ಒಣಗುತ್ತಿವೆ. ಕಲ್ಲಿನ ಹತ್ತಿರ ಇವನು ಪಂಚೆ ಎತ್ತಿಕಟ್ಟಿ ನಿಂತಿದ್ದಾನೆ, ಇನ್ನೂ ಕಡ್ಡಿಯಂಗಿದ್ದ ಕೈಯಲ್ಲಿ ಬ್ರಷ್ಷು. ಯಾಕಯ್ಯಾ ಇದೆಲ್ಲ ಅಂದರೆ ಒಂದೇ ಮಾತು, "ಮುಯ್ಯಿ". ನಾನು ಪೇಟೆಯವನು, ನನಗೆ ಮುಯ್ಯಿ ಅಂದರೆ ಮದುವೆಯಲ್ಲಿ ಕವರಿಗೆ ಹಾಕಿ ಕೊಡುವ ದುಡ್ಡು ಮಾತ್ರ ಗೊತ್ತಿತ್ತು. ಅವನು ಹೇಳಿದ್ದು ಏನು ಅಂತ ತಿಳಿಯಲು ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಹಿಡಿಯಿತು.

ಬಿಎಸ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದರೂ ಅವನು ಕೆಲಸಕ್ಕೆ ಅರ್ಜಿ ಹಾಕಲಿಲ್ಲ. ಮಂಡ್ಯದ ಹತ್ತಿರ, ಕನ್ನಂಬಾಡಿ (ಕೆ.ಆರ್.ಎಸ್.) ಕಟ್ಟೆಯಿಂದ ಬರುವ ವಿ.ಸಿ. ನಾಲೆಯ ಬಯಲಲ್ಲಿ ಎರಡು ಎಕರೆ ಚಿಲ್ಲರೆ ಜಮೀನು, ಅಲ್ಲಿಗೆ ವಾಪಸ್ಸಾದ. ಓದಿ ಏನು ಬಂತು ಅಂತ ಊರವರು ಕೇಳಿದರಂತೆ, ನಾನೂ ಒಳಗೊಳಗೇ ಕೇಳಿಕೊಂಡೆ. ನಾನು ಬ್ಯಾಂಕು ಸೇರಿದೆ, ಊರೂರು ತಿರುಗಿದೆ, ಮೈಸೂರಿಗೇ ವರ್ಗ ಆದ ಮೇಲೆ 2024ರ ಫೆಬ್ರವರಿಯಲ್ಲಿ ಒಂದು ಭಾನುವಾರ ಅವನನ್ನು ನೋಡಲು ಹೋದೆ.

ಅದರ ಹಿಂದಿನ ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆ ತುಂಬಿರಲಿಲ್ಲ. ಮಂಡ್ಯದವರಿಗೆ ಕಟ್ಟೆ ಪೂರ್ತಿ ತುಂಬಿದಾಗಿನ 124.80 ಅಡಿ ಅನ್ನೋದು ಬರೀ ಅಂಕಿ ಅಲ್ಲ, ಪೇಪರ್ ಬಂದ ಕೂಡಲೇ ಮೊದಲು ನೋಡುವುದು ಅದನ್ನೇ. ನಾಲೆಗೆ ಕಟ್ಟು ನೀರು, ಅಂದರೆ ಸರದಿ ಮೇಲೆ ಕೊಡುವ ನೀರು, ಬಿಟ್ಟರೆ ಬಂತು, ಇಲ್ಲದಿದ್ದರೆ ಇಲ್ಲ. ಭತ್ತ ಬಿಟ್ಟು ಮನೆಯಲ್ಲೇ ಎತ್ತಿಟ್ಟಿದ್ದ ಬಿತ್ತನೆ ರಾಗಿ ಹಾಕಿದ್ದ. ಇದ್ದ ಮುಕ್ಕಾಲು ಎಕರೆ ಕಬ್ಬನ್ನು ಕಾರ್ಖಾನೆಗೆ ಕೊಡದೆ ಬೆಲ್ಲ ಮಾಡುತ್ತಿದ್ದ. ಕಟಾವಿನವರಿಗೆ ಕಾಯುವುದು, ಆಮೇಲೆ ಬಿಲ್ಲಿಗೆ ಕಾಯುವುದು ಅವನಿಗೆ ಆಗಿಬರಲಿಲ್ಲ. ನಾನು ಹೋದಾಗ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತಿದ್ದ. ಬೆಂಡೆ ಗಿಡದ ಕಾಂಡ ಜಜ್ಜಿ ನೆನೆಸಿದ ಲೋಳೆ ನೀರು ಸುರಿದ ಕೂಡಲೇ ಕಬ್ಬಿನ ಹಾಲಿನ ಕೊಳೆಯೆಲ್ಲ ಹಸಿರು ನೊರೆಯಾಗಿ ಮೇಲೆ ಬಂತು, ಜಾಲರಿಯಲ್ಲಿ ಬಳಿದು ಬಳಿದು ಹಾಕಿದ. ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕಿದರೆ ಬೆಲ್ಲಕ್ಕೆ ಹಳದಿ ಬಣ್ಣ ಬರುತ್ತದೆ, ಮಂಡಿಯಲ್ಲಿ ಬಣ್ಣಕ್ಕೇ ಬೆಲೆ. ಇವನದ್ದು ಕಂದು. ಟನ್ ಕಬ್ಬಿಗೆ ಹೆಚ್ಚುಕಡಿಮೆ ನೂರು ಕೆಜಿ ಬೆಲ್ಲ ಬರುತ್ತದೆ. ಮಂಡಿಗೆ ಹಾಕುವುದಿಲ್ಲ, ಗೊತ್ತಿರುವ ಮನೆಗಳಿಗೆ ಕೊಡುತ್ತಾನೆ. ಪಾಕ ಬಂತಾ ಅಂತ ನೋಡಲು ಒಂದು ಚಮಚ ತಣ್ಣೀರಿಗೆ ಬಿಟ್ಟು, ಉಂಡೆ ಕಟ್ಟಿದ್ದನ್ನು ನನ್ನ ಬಾಯಿಗೇ ಹಾಕಿದ.

ಕೊಪ್ಪರಿಗೆ ಇಳಿಸಲು ಐದು ಜನ ಇದ್ದರು. ಕೂಲಿ ಎಷ್ಟು ಅಂತ ಕೇಳಿದೆ. ನಕ್ಕರು. ಎಲ್ಲ ಮುಯ್ಯಾಳು. ಇವರು ಇವತ್ತು ಇವನಿಗೆ ಒಂದು ದಿನ ಬಂದರೆ, ನಾಟಿಗೋ ಕುಯ್ಲಿಗೋ ಇವನು ಅವರಿಗೆ ಒಂದು ದಿನ ಹೋಗಬೇಕು.

ಊಟಕ್ಕೆ ಮನೆಗೆ ಹೋದೆವು. ಮುದ್ದೆ, ಉಪ್ಸಾರು, ಹುರುಳಿಕಾಳು. ಕೈ ತೊಳೆದು ಬರುವಾಗ ಬಾಗಿಲ ಹಿಂಭಾಗ ಕಾಣಿಸಿತು. ಸೀಮೆಸುಣ್ಣದಲ್ಲಿ ಎರಡು ಸಾಲು ಗೀಟು. ಒಂದರ ಮೇಲೆ "ಬರಬೇಕು", ಇನ್ನೊಂದರ ಮೇಲೆ "ಹೋಗಬೇಕು". ಎಣಿಸಿದೆ. ಬರಬೇಕು ನಾಲ್ಕು, ಹೋಗಬೇಕು ಹನ್ನೊಂದು.

"ಏನಯ್ಯಾ ಸ್ವಾವಲಂಬಿ, ಊರ ತುಂಬ ಸಾಲ ಮಾಡ್ಕೊಂಡಿದೀಯ" ಅಂದೆ.

"ಟೈಫಾಯ್ಡ್ ಬಂದಾಗ ಬೈದಿದ್ದೆ ಅಲ್ವೇನ್ಲಾ" ಅಂದ. ಅಷ್ಟೇ ಹೇಳಿ ಇನ್ನೊಂದು ಮುದ್ದೆ ತಟ್ಟೆಗೆ ಹಾಕಿದ.

ಹೊರಡುವಾಗ ಎರಡು ಅಚ್ಚು ಬೆಲ್ಲ ಪೇಪರಿನಲ್ಲಿ ಸುತ್ತಿಕೊಟ್ಟ. ನಾನು ಜೇಬಿಗೆ ಕೈ ಹಾಕಿದೆ. ಬ್ಯಾಂಕಿನವನ ಅಭ್ಯಾಸ. ಅವನು ದುಡ್ಡಿನ ಕಡೆ ನೋಡಲೇ ಇಲ್ಲ, ಒಳಗೆ ಹೋಗಿ "ಬರಬೇಕು" ಸಾಲಿನಲ್ಲಿ ಒಂದು ಗೀಟು ಎಳೆದು ಪಕ್ಕದಲ್ಲಿ ನನ್ನ ಹೆಸರಿನ ಮೊದಲಕ್ಷರ ಬರೆದ. ನನಗೆ ಕಬ್ಬು ಸವರಲು ಬರುವುದಿಲ್ಲ ಕಣೋ ಅಂದರೆ, "ತೋರ್ಸ್ಕೊಡ್ತೀನಿ" ಅಂದ.

ಆ ಗೀಟು ಇನ್ನೂ ಹಾಗೇ ಇದೆಯಂತೆ, ಮೊನ್ನೆ ಫೋನಿನಲ್ಲಿ ಹೇಳಿದ. ಸಂಕ್ರಾಂತಿ ಕಳೆದ ಮೇಲೆ ಆಲೆ ಶುರು. ಎರಡು ದಿನ ರಜೆ ಬರೆದುಕೊಟ್ಟಿದ್ದೀನಿ, ಮ್ಯಾನೇಜರ್ ಯಾಕೆ ಅಂತ ಕೇಳಿದರು. ಸೊಂಟಕ್ಕೆ ಈಗಲೇ ಹೆದರಿಕೆ.