ಮಂಗೋಲಿಯಾದ ಸಿನಿಮಾ ಎಂದರೆ ಚೆಂಗಿಸ್ ಖಾನನೇ?

ಮಂಗೋಲಿಯಾದ ಚಿತ್ರಗಳ ಮಾತು ತೆಗೆದಾಗಲೆಲ್ಲ ಗೆಳೆಯರು ಕೇಳುವ ಪ್ರಶ್ನೆ ಒಂದೇ: ‘ಚೆಂಗಿಸ್ ಖಾನನ ಯುದ್ಧ ಬಿಟ್ಟರೆ ಅಲ್ಲಿ ಇನ್ನೇನಿದೆ?’

ಹೀಗೆ ಕೇಳುವವರು ಹೆಚ್ಚಾಗಿ ನೋಡಿರುವುದು 2007ರ ‘ಮಂಗೋಲ್’. ಅದರ ನಿರ್ದೇಶಕರು ರಷ್ಯಾದವರು, ನಾಯಕನಟ ಜಪಾನಿನವರು. ಮಂಗೋಲರದೇ ಆದ ಚಿತ್ರಸಂಸ್ಥೆ ಮಂಗೋಲ್‌ಕಿನೋ 1935ರಲ್ಲಿ ಹುಟ್ಟಿತು. ಆದರೆ ಸಮಾಜವಾದಿ ಆಳ್ವಿಕೆಯಲ್ಲಿ ಚೆಂಗಿಸನನ್ನು ಹೊಗಳುವುದೇ ಅಪಾಯವಾಗಿತ್ತು. 1962ರಲ್ಲಿ ಅವನ 800ನೇ ಜಯಂತಿಯನ್ನು ಬೆಂಬಲಿಸಿದ ಪಕ್ಷದ ಹಿರಿಯ ನಾಯಕರೊಬ್ಬರು ಪದವಿಯನ್ನೇ ಕಳೆದುಕೊಂಡರು.

ಹಾಗಾದರೆ ಅಲ್ಲಿ ಏನಿದೆ? ಸಂಸಾರವಿದೆ. ಇತಿಹಾಸದ ಚಿತ್ರದಲ್ಲಿಯೂ ಅದೇ. ಬಾಲ್ಜಿನ್ಯಾಮ್ ನಿರ್ದೇಶಿಸಿದ 1988ರ ‘ಮಂದುಖೈ’ಯ ರಾಣಿ ಹದಿನೈದನೇ ಶತಮಾನದ ವಿಧವೆ. ತನ್ನನ್ನು ಬಯಸಿ ಬಂದ ವೀರನನ್ನು ನಿರಾಕರಿಸಿ, ಚೆಂಗಿಸನ ವಂಶದ ಅನಾಥ ಹುಡುಗ ಬಾತ್‌ಮುಂಖ್‌ನನ್ನು ಸಾಕಿ, ಸಿಂಹಾಸನದಲ್ಲಿ ಕೂರಿಸಿ, ಅವನನ್ನೇ ವರಿಸುತ್ತಾಳೆ. ತಾಯ್ತನ, ದಾಂಪತ್ಯ, ರಾಜಕಾರಣ ಮೂರೂ ಒಬ್ಬಳ ಹೆಗಲ ಮೇಲೆ. ಅದರ ಯುದ್ಧದ ದೃಶ್ಯಗಳಿಗಿಂತ ಈ ಒಂದು ನಿರ್ಧಾರವೇ ನನ್ನನ್ನು ಹೆಚ್ಚು ಕಲಕುತ್ತದೆ.

ಮೊದಲು ನೋಡಬೇಕಾದದ್ದು ಮಾತ್ರ ಬ್ಯಾಂಬಸುರೆನ್ ದಾವಾ ಮತ್ತು ಲುಯಿಜಿ ಫಲೋರ್ನಿ ಅವರ ‘ದಿ ಸ್ಟೋರಿ ಆಫ್ ದಿ ವೀಪಿಂಗ್ ಕ್ಯಾಮೆಲ್’ (2003). ಗೋಬಿ ಮರುಭೂಮಿಯಲ್ಲಿ ಒಂದು ಒಂಟೆ ಬಹಳ ನೋವು ತಿಂದು ಬಿಳಿ ಮರಿಯನ್ನು ಈಯುತ್ತದೆ. ಆಮೇಲೆ ಅದನ್ನು ಹತ್ತಿರ ಸೇರಿಸುವುದಿಲ್ಲ, ಮೊಲೆಗೆ ಬಾಯಿ ಹಾಕಿದರೆ ಒದೆಯುತ್ತದೆ. ಮನೆಯವರು ಇಬ್ಬರು ಹುಡುಗರನ್ನು ದೂರದ ಊರಿಗೆ ಕಳಿಸಿ ವಾದ್ಯಗಾರನನ್ನು ಕರೆಸುತ್ತಾರೆ. ಮೊರಿನ್ ಖೂರ್ ಎಂಬ ಎರಡು ತಂತಿಯ ವಾದ್ಯವನ್ನು ಒಂಟೆಯ ಡುಬ್ಬಕ್ಕೆ ನೇತುಹಾಕುತ್ತಾರೆ. ಗಾಳಿಗೆ ತಂತಿ ಗುಂಯ್ಗುಡುತ್ತದೆ. ಆಮೇಲೆ ಅವನು ನುಡಿಸುತ್ತಾನೆ, ಮನೆಯ ಹೆಣ್ಣುಮಗಳು ಒಂಟೆಯ ಮೈಸವರುತ್ತಾ ಒಂದೇ ಪದವನ್ನು ಮತ್ತೆ ಮತ್ತೆ ಹಾಡುತ್ತಾಳೆ. ಒಂಟೆಯ ಕಣ್ಣಲ್ಲಿ ನೀರು ಬರುತ್ತದೆ, ಮರಿ ಹಾಲು ಕುಡಿಯುತ್ತದೆ. ಇದು ಚಿತ್ರಕ್ಕಾಗಿ ಹೆಣೆದ ಕಲ್ಪನೆಯಲ್ಲ. ಈ ಆಚರಣೆಯನ್ನು ಯುನೆಸ್ಕೋ 2015ರಲ್ಲಿ ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಇಂಥ ದೃಶ್ಯವನ್ನು ಅವಸರವಿಲ್ಲದೆ ತೋರಿಸುವ ಧೈರ್ಯ ಎಷ್ಟು ಮಂದಿ ನಿರ್ದೇಶಕರಿಗಿದೆ? ಅದೇ ಚಿತ್ರದಲ್ಲಿ ಕಿರಿಯ ಹುಡುಗ ಟಿ.ವಿ. ಕಂಡು ಮನೆಗೂ ಬೇಕೆಂದು ಆಸೆಪಡುತ್ತಾನೆ. ಬದಲಾಗುತ್ತಿರುವ ಮಂಗೋಲಿಯಾವೂ ಹೀಗೆ ಮಗುವಿನ ಹಟದ ಮೂಲಕವೇ ಒಳಗೆ ಬರುತ್ತದೆ.

ಎರಡನೆಯದು ಜೊಲ್ಜರ್ಗಲ್ ಪುರೆವ್‌ದಾಶ್ ಅವರ ‘ಇಫ್ ಓನ್ಲಿ ಐ ಕುಡ್ ಹೈಬರ್ನೇಟ್’. 2023ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಅಧಿಕೃತ ಆಯ್ಕೆಗೆ ಸೇರಿದ ಮೊದಲ ಮಂಗೋಲಿಯನ್ ಚಿತ್ರ ಅದು. ರಾಜಧಾನಿ ಉಲಾನ್‌ಬಾತರ್‌ನ ಅಂಚಿನ ಗುಡಾರದ ಬಡಾವಣೆಯಲ್ಲಿ, ತಾಯಿ ಕೆಲಸ ಹುಡುಕಿ ಹಳ್ಳಿಗೆ ಹೋದ ಮೇಲೆ, ಭೌತಶಾಸ್ತ್ರದಲ್ಲಿ ಜಾಣನಾದ ಹುಡುಗ ಓದನ್ನೂ ತಮ್ಮ ತಂಗಿಯರಿಗೆ ಚಳಿ ಕಾಯಲು ಬೇಕಾದ ಕಲ್ಲಿದ್ದಲನ್ನೂ ಒಟ್ಟಿಗೆ ನಿಭಾಯಿಸಬೇಕು. ‘ಮಂದುಖೈ’ ಮೂರನೆಯದಾಗಿರಲಿ. ಅದು ಬಹಳ ಉದ್ದವಿದೆ, ಬಿಡುವಾದ ಭಾನುವಾರವೇ ಬೇಕು.