ಅಪ್ಪನ ನುಡಿ ಫೈಲ್‌ಗಳು, ಮೂರು ಆಪರೇಟಿಂಗ್ ಸಿಸ್ಟಮ್‌ಗಳು: ಆರು ವಾರಗಳ ದಿನಚರಿ

ನವೆಂಬರ್ 2, 2025, ಭಾನುವಾರ. ಮುಗಿದ ಫೈಲ್: 212ರಲ್ಲಿ 0

ಕೆಲಸ ಸುಲಭವೆಂದು ಕಂಡದ್ದರಿಂದಲೇ ಕೈ ಹಾಕಿದೆ. ಅಪ್ಪ ಹೈಸ್ಕೂಲ್ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ 212 ವರ್ಡ್ ಫೈಲ್‌ಗಳಿವೆ. ಅಡಿಕೆ ತೋಟದ ಲೆಕ್ಕ, ಊರಿನ ಯಕ್ಷಗಾನ ಮೇಳದ ನೆನಪುಗಳು, ಯಾರ ಯಾರದೋ ಮದುವೆಯ ಕರೆಯೋಲೆ. ಎಲ್ಲವೂ ಹಳೆಯ ನುಡಿ ಫಾಂಟಿನವು, ಈಗ ಎಲ್ಲ ಕಂಪ್ಯೂಟರುಗಳೂ ಒಪ್ಪುವ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ 'ಕನ್ನಡ' ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಜರ್ಮನ್ನರ ಎಸ್ಸೆಟ್ ಅಕ್ಷರ ಎಲ್ಲ ಸಾಲಾಗಿ ನಿಂತಿರುತ್ತವೆ.

ಇವನ್ನು ಯೂನಿಕೋಡ್‌ಗೆ ತರಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಬರೆಯಬೇಕು. ಜೊತೆಗೆ ಇನ್ನೊಂದು ತೀರ್ಮಾನವೂ ಬಾಕಿ ಇದೆ. ಮನೆಯ ಲ್ಯಾಪ್‌ಟಾಪ್ 2017ರದು: ಇಂಟೆಲ್‌ನ ಏಳನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ್‍ಯಾಮ್. ವಿಂಡೋಸ್ 10ರ ಬೆಂಬಲ ಕಳೆದ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚಿನದನ್ನು ಕೇಳುತ್ತದೆ. ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಸಿಗುತ್ತದೆ. ಅಂದರೆ ಯೋಚಿಸಲು ಒಂದು ವರ್ಷ.

ಹೀಗಾಗಿ ಅದೇ ಪ್ರೋಗ್ರಾಮನ್ನು ಮೂರು ಕಡೆ ಓಡಿಸಿ ನೋಡುತ್ತೇನೆ: ಈ ವಿಂಡೋಸ್ 10ರಲ್ಲಿ, ಇದೇ ಲ್ಯಾಪ್‌ಟಾಪಿನ ಇನ್ನೊಂದು ಭಾಗದಲ್ಲಿ ಹಾಕಲಿರುವ ಡೆಬಿಯನ್ 13ರಲ್ಲಿ (ಇದು ಲಿನಕ್ಸ್‌ನ ಒಂದು ಬಗೆ), ತಂಗಿಯ ಎಂ1 ಮ್ಯಾಕ್‌ಬುಕ್ ಏರ್‌ನಲ್ಲಿ. ಸೆಕೆಂಡುಗಳ ಲೆಕ್ಕ ಹಿಡಿದು ಹೋಲಿಸುವ ಉಮೇದು ನನಗಿಲ್ಲ. ಬೆಳಿಗ್ಗೆ ಅಪ್ಪ ಕೂತು ಬಳಸಬೇಕು, ರಾತ್ರಿ ನಾನು ಕೋಡ್ ಬರೆಯಬೇಕು. ಇಬ್ಬರಿಗೂ ಒಗ್ಗುವುದು ಯಾವುದು ಎನ್ನುವುದಷ್ಟೇ ಪ್ರಶ್ನೆ.

ನವೆಂಬರ್ 9. ಮುಗಿದದ್ದು: 0

ಶನಿವಾರ ಸಂಜೆ ಡೆಬಿಯನ್ ಹಾಕಿದೆ. ಅದರ ಬಗ್ಗೆ ಬರೆಯುವಂಥದ್ದೇನಿಲ್ಲ, ಚಹಾ ಆರುವುದರೊಳಗೆ ಮುಗಿಯಿತು. ವೈಫೈ, ಧ್ವನಿ, ಕ್ಯಾಮೆರಾ ಎಲ್ಲ ತಾವಾಗಿ ಎದ್ದು ಕೂತವು.

ಎಡವಟ್ಟು ಕಾದಿದ್ದದ್ದು ಭಾನುವಾರ ಬೆಳಿಗ್ಗೆ. ಅಪ್ಪ ವಿಂಡೋಸ್ ತೆರೆದು, "ಇದಕ್ಕಿನ್ನೂ ಐದು ಗಂಟೆಯಂತೆ ಕಣೋ, ಅಂದರೆ ನಾವು ತಿಂದದ್ದು ತಿಂಡಿಯಲ್ಲ" ಎಂದರು. ಗೋಡೆಯ ಗಡಿಯಾರದಲ್ಲಿ ಹತ್ತೂವರೆ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಎಂದಾಗಲೇ ಕಾರಣ ಹೊಳೆಯಿತು. ಲಿನಕ್ಸ್ ಯಂತ್ರದೊಳಗಿನ ಗಡಿಯಾರವನ್ನು ಅಂತರರಾಷ್ಟ್ರೀಯ ಪ್ರಮಾಣ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದೇ ಗಡಿಯಾರವನ್ನು ಸ್ಥಳೀಯ ಸಮಯವೆಂದು ಓದುತ್ತದೆ. ಡೆಬಿಯನ್‌ಗೆ ಸ್ಥಳೀಯ ಸಮಯವನ್ನೇ ಇಟ್ಟುಕೋ ಎಂದು ಒಂದು ಸಾಲಿನ ಆಜ್ಞೆ ಕೊಟ್ಟೆ, ಸರಿಹೋಯಿತು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಅನ್ನೂ ಆರಿಸಿದೆ. ಅದು ಇದ್ದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ. ಆಗ ಆ ಭಾಗದಲ್ಲಿ ಲಿನಕ್ಸ್ ಬರೆಯಲು ಹೋಗುವುದು ಒಳ್ಳೆಯದಲ್ಲ.

ನವೆಂಬರ್ 16. ಮುಗಿದದ್ದು: 61

ಈ ವಾರದ್ದನ್ನು ವಿವರವಾಗಿಯೇ ಬರೆಯಬೇಕು, ನಾನು ಕಲಿತದ್ದೆಲ್ಲ ಇಲ್ಲೇ ಇದೆ.

ಮೊದಲು ವಿಂಡೋಸ್‌ನಲ್ಲಿ ವರ್ಡ್ ಫೈಲ್‌ಗಳನ್ನೆಲ್ಲ ಸರಳ ಪಠ್ಯವಾಗಿ ಉಳಿಸಿಕೊಂಡೆ. ಪ್ರೋಗ್ರಾಮ್ ಅವನ್ನು ಅಚ್ಚುಕಟ್ಟಾಗಿ ಓದಿತು, ಅಕ್ಷರಗಳನ್ನು ಬದಲಿಸಿತು, ಫಲಿತಾಂಶವನ್ನು ಫೈಲಿಗೆ ಬರೆಯಲು ಹೋಗಿ ಬಿದ್ದಿತು. 'ಚಾರ್‌ಮ್ಯಾಪ್‌ಗೆ ಈ ಅಕ್ಷರ ಬರೆಯಲು ಬಾರದು' ಎಂಬರ್ಥದ ದೂರು. ಅದೇ ಪ್ರೋಗ್ರಾಮನ್ನು, ಅವೇ ಫೈಲ್‌ಗಳನ್ನು ಡೆಬಿಯನ್‌ಗೆ ಒಯ್ದೆ. ಅಲ್ಲಿ ಬರೆಯುವವರೆಗೂ ಹೋಗಲಿಲ್ಲ, ಮೊದಲ ಫೈಲಿನ ಎರಡನೇ ಬೈಟನ್ನು ಓದಲಾರದೆ ಮುಗ್ಗರಿಸಿತು.

ಒಂದು ಕಡೆ ಓದಲು ಬರುತ್ತದೆ, ಬರೆಯಲು ಬಾರದು. ಇನ್ನೊಂದು ಕಡೆ ಓದಲೇ ಬಾರದು. ರಾತ್ರಿ ಹನ್ನೊಂದರವರೆಗೆ ತಲೆ ಕೆರೆದುಕೊಂಡ ಮೇಲೆ ಗೊತ್ತಾದದ್ದಿಷ್ಟು. ಫೈಲ್ ತೆರೆಯುವಾಗ ಯಾವ ಸಂಕೇತ ಪದ್ಧತಿ ಎಂದು ನಾವು ಹೇಳದಿದ್ದರೆ ಪೈಥಾನ್ ಆಪರೇಟಿಂಗ್ ಸಿಸ್ಟಮ್ ಅನ್ನು ಕೇಳುತ್ತದೆ. ನಮ್ಮ ಮನೆಯ ವಿಂಡೋಸ್ 'ಕೋಡ್ ಪೇಜ್ 1252' ಎನ್ನುತ್ತದೆ. ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಮಾಡಿದ ಹಳೆಯ ಪಟ್ಟಿ ಅದು. ಆ ಗೀಟಿನ ಎ, ಪೌಂಡ್ ಚಿಹ್ನೆ, ಎಸ್ಸೆಟ್ ಮೂರೂ ಅದರಲ್ಲಿವೆ. ಹಳೆಯ ನುಡಿ ಫಾಂಟ್ ಕನ್ನಡದ ತುಣುಕುಗಳನ್ನು ಕೂರಿಸಿದ್ದು ಇದೇ ಮನೆಗಳಲ್ಲಿ. ಆದ್ದರಿಂದ ಅಲ್ಲಿ ಓದಲು ಅಡ್ಡಿಯಿಲ್ಲ, ಆದರೆ ಅಸಲಿ ಕನ್ನಡಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಡೆಬಿಯನ್ 'ಯುಟಿಎಫ್-8' ಎನ್ನುತ್ತದೆ, ಯೂನಿಕೋಡನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ ಅದು. ಅದರಲ್ಲಿ ಕನ್ನಡ ಸಲೀಸು, ಆದರೆ ಗೀಟಿನ ಎ ಕೂತಿದ್ದ ಆ ಒಂಟಿ ಬೈಟ್ ಯುಟಿಎಫ್-8ರಲ್ಲಿ ಎಲ್ಲಿಯೂ ಬರುವಂತಿಲ್ಲ. ಮೊದಲ ಫೈಲಿನ ಮೊದಲ ಪದ 'ಕನ್ನಡ'ವೇ ಆಗಿದ್ದರಿಂದ ಎರಡನೇ ಹೆಜ್ಜೆಗೇ ಎಡವಿತು.

ಪರಿಹಾರ ಎರಡು ಮಾತಿನದು: ಓದುವಾಗ 1252 ಎಂದೂ ಬರೆಯುವಾಗ ಯುಟಿಎಫ್-8 ಎಂದೂ ಬಾಯಿಬಿಟ್ಟು ಹೇಳುವುದು. ಪೈಥಾನ್ 3.15ರಿಂದ ಎಲ್ಲ ಕಡೆಯೂ ಯುಟಿಎಫ್-8 ಅನ್ನೇ ಹಿಡಿಯುವುದೆಂದು ತೀರ್ಮಾನವಾಗಿದೆ. ತಪ್ಪು ನನ್ನದೇ. ವರ್ಷಗಟ್ಟಲೆ ಲಿನಕ್ಸ್ ಸರ್ವರ್‌ಗಳಿಗೆ ಕೋಡ್ ಬರೆದವನಿಗೆ ಈ ಪ್ರಶ್ನೆ ಇದೆ ಎಂಬುದೇ ಮರೆತುಹೋಗಿತ್ತು.

ಪ್ರೋಗ್ರಾಮಿನಲ್ಲಿ ಕಷ್ಟ ಕೊಟ್ಟದ್ದು ಅರ್ಕಾವೊತ್ತು. 'ಧರ್ಮ'ದಲ್ಲಿ ನುಡಿ ಫಾಂಟ್ ಮೊದಲು 'ಮ' ಬರೆದು ಆಮೇಲೆ ಅರ್ಕಾವೊತ್ತನ್ನು ಇಡುತ್ತದೆ, ನಾವು ಕೈಯಲ್ಲಿ ಬರೆದಂತೆ. ಯೂನಿಕೋಡ್ ನಾವು ಉಚ್ಚರಿಸಿದಂತೆ ರಕಾರವನ್ನು ಮೊದಲು ಕೇಳುತ್ತದೆ. ಹಿಂದಕ್ಕೆ ನಡೆದು, ಒತ್ತು, ಗುಣಿತ ಎಲ್ಲ ದಾಟಿ ಮೂಲ ವ್ಯಂಜನವನ್ನು ಹುಡುಕಿ ಅದರ ಮುಂದೆ ಇಡಬೇಕು. 61 ಫೈಲ್‌ಗಳು ಸರಿಯಾಗಿ ಬಂದಿವೆ. ಉಳಿದವುಗಳಲ್ಲಿ 'ಸೂರ್ಯ' ಇನ್ನೂ 'ಸೂಯ೯' ಆಗಿಯೇ ಇದ್ದಾನೆ.

ನವೆಂಬರ್ 30. ಮುಗಿದದ್ದು: 188

ತಂಗಿ ಎರಡು ದಿನ ಬಂದಿದ್ದಳು. ಮ್ಯಾಕ್‌ನಲ್ಲಿ ಪ್ರೋಗ್ರಾಮ್ ಮೊದಲ ಸಲಕ್ಕೇ ಓಡಿತು. ಫ್ಯಾನ್ ಇಲ್ಲದ ಯಂತ್ರ, ಸದ್ದಿಲ್ಲ, ಬೆಳಿಗ್ಗೆ ಚಾರ್ಜ್ ಮಾಡಿದ್ದು ರಾತ್ರಿಯವರೆಗೆ ಬಂತು. ನಮ್ಮ ಲ್ಯಾಪ್‌ಟಾಪ್ ಎರಡು ಗಂಟೆಗೇ ವೈರು ಬೇಡುತ್ತದೆ. ಹಣವೊಂದು ಅಡ್ಡಿಯಿರದಿದ್ದರೆ ಇಲ್ಲಿಗೇ ದಿನಚರಿ ಮುಗಿಸುತ್ತಿದ್ದೆನೇನೋ.

ಅವಳು ಉತ್ಸಾಹದಿಂದ ಫೈಲ್‌ಗಳಿಗೆಲ್ಲ ಕನ್ನಡದ ಹೆಸರಿಟ್ಟಳು. ಅವನ್ನು ಡೆಬಿಯನ್‌ಗೆ ತಂದರೆ 'ತೋಟ' ಎಂಬ ಫೈಲ್ ಕಣ್ಣೆದುರೇ ಇದೆ, ಪ್ರೋಗ್ರಾಮ್ ಮಾತ್ರ ಇಲ್ಲ ಎನ್ನುತ್ತದೆ. ನಾನು ಹೊಸದಾಗಿ 'ತೋಟ' ಎಂದು ಇನ್ನೊಂದು ಫೈಲ್ ಮಾಡಿದರೆ ಅದಕ್ಕೂ ಒಪ್ಪಿಗೆ. ಒಂದೇ ಫೋಲ್ಡರಿನಲ್ಲಿ ಎರಡು 'ತೋಟ', ಅಕ್ಷರಕ್ಕೆ ಅಕ್ಷರ ಒಂದೇ.

ಒಳಗೆ ಇಣುಕಿದಾಗ ನಗು ಬಂತು. ನನ್ನ 'ತೋಟ'ದಲ್ಲಿ ಮೂರು ಸಂಕೇತಗಳು: ತ, ಓತ್ವ, ಟ. ತಂಗಿಯದರಲ್ಲಿ ಐದು: ತ, ಎತ್ವ, ಕೊಂಬಿನಿಳಿ, ದೀರ್ಘ, ಟ. ಒಂದನೇ ತರಗತಿಯಲ್ಲಿ ಕಾಗುಣಿತ ಬಿಡಿಸಿ ಹೇಳಿಸುತ್ತಿದ್ದರಲ್ಲ, ಹಾಗೆ. ಯೂನಿಕೋಡ್‌ನಲ್ಲಿ ಎರಡೂ ಸರಿ, ಎರಡೂ ಸಮಾನ. ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಈಗಿನದು ಕೊಟ್ಟದ್ದನ್ನು ಕೊಟ್ಟಂತೆ ಇಟ್ಟು, ಹುಡುಕುವಾಗ ಎರಡನ್ನೂ ಒಂದೇ ಎಂದು ಎಣಿಸುತ್ತದೆ. ಲಿನಕ್ಸ್ ಬೈಟ್ ಬೇರೆಯಾದರೆ ಹೆಸರೇ ಬೇರೆ ಎನ್ನುವ ಜಾತಿಯದು. ಇದೇ ನಿಷ್ಠುರತೆಯಿಂದ ಅದು ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳನ್ನೂ ಬೇರೆಯೆಂದೇ ನೋಡುತ್ತದೆ. ಕನ್ನಡಕ್ಕೆ ಆ ಗೋಜು ಇಲ್ಲವಲ್ಲ ಎಂದು ಬೀಗುತ್ತಿದ್ದೆ, ಈಗ ಬೀಗುವುದಿಲ್ಲ. ಹೆಸರುಗಳನ್ನೆಲ್ಲ ಕೂಡಿಸಿದ ರೂಪಕ್ಕೆ ತರುವ ನಾಲ್ಕು ಸಾಲು ಸೇರಿಸಿದೆ.

ಡಿಸೆಂಬರ್ 7. ಮುಗಿದದ್ದು: 203

ಅಪ್ಪನ ಸರದಿ. ಕೀಲಿಮಣೆ ಬದಲಾದರೆ ಇಡೀ ಪ್ರಯೋಗಕ್ಕೆ ಎಳ್ಳುನೀರು ಎಂದು ಗೊತ್ತಿತ್ತು. ಅವರ ಬೆರಳುಗಳಿಗೆ ಗೊತ್ತಿರುವುದು ಕೆ.ಪಿ. ರಾವ್ ಅವರ ವಿನ್ಯಾಸ, ನುಡಿಯಲ್ಲಿ ಇರುವಂಥದ್ದು. ವಿಂಡೋಸ್‌ನಲ್ಲಿ ಅದಕ್ಕೆ ನುಡಿಯನ್ನು ಬೇರೆಯಾಗಿ ಹಾಕಬೇಕು. ಡೆಬಿಯನ್‌ನಲ್ಲಿ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಗೆ ಹಲವು ಭಾಷೆಗಳ ಕೀಲಿಮಣೆ ವಿನ್ಯಾಸಗಳಿರುವ ಎಂ17ಎನ್ ಜೋಡಿಸಿದರೆ ಪಟ್ಟಿಯಲ್ಲಿ ಕಗಪ ಎಂದು ಸಿಗುತ್ತದೆ. ಅಪ್ಪ ಕನ್ನಡಕ ಏರಿಸಿಕೊಂಡು ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರು. ತೆರೆಯ ಮೇಲೆ 'ಕನ್ನಡ' ಬಂತು. "ಹ್ಞೂಂ" ಎಂದರು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿಯಿಲ್ಲ.

ಫಾಂಟ್ ಬಗ್ಗೆ ಮಾತ್ರ ತಕರಾರು ಬಂತು. ನೋಟೊ ಅವರಿಗೆ "ಬಸ್ಸಿನ ಬೋರ್ಡ್ ಇದ್ದಂತಿದೆ". ಡೆಬಿಯನ್‌ನ ಕನ್ನಡ ಫಾಂಟ್‌ಗಳ ಕಟ್ಟಿನಲ್ಲಿ ಗುಬ್ಬಿ, ನವಿಲು ಎರಡೂ ಇವೆ. ಗುಬ್ಬಿ ಗೆದ್ದಿತು.

ಸೋತದ್ದು ಪ್ರಿಂಟರ್. ಹತ್ತು ವರ್ಷ ಹಿಂದಿನ ಯಂತ್ರ, ಅದಕ್ಕೆ ಲಿನಕ್ಸ್‌ನ ಚಾಲಕ ತಂತ್ರಾಂಶ ಎಲ್ಲಿಯೂ ಸಿಗಲಿಲ್ಲ. ಎರಡು ಸಂಜೆ ಹಾಳಾದವು. ಅಪ್ಪ ಪಿಡಿಎಫ್ ಮಾಡಿ ಪೆನ್ ಡ್ರೈವ್‌ಗೆ ಹಾಕಿಕೊಂಡು ಪೇಟೆಯ ಜೆರಾಕ್ಸ್ ಅಂಗಡಿಗೆ ಹೋಗಿಬಂದರು. ದಾರಿಯಲ್ಲಿ ಇಬ್ಬರು ಸ್ನೇಹಿತರೂ ಸಿಕ್ಕರಂತೆ. ಪ್ರಿಂಟರ್ ಸರಿಮಾಡುವ ತುರ್ತು ಈಗ ಅವರಿಗಿದ್ದಂತಿಲ್ಲ.

ಡಿಸೆಂಬರ್ 14. ಮುಗಿದದ್ದು: ಇನ್ನೂ 203

ವಿಂಡೋಸ್‌ಗೆ 80 ಜಿಬಿ ಬಿಟ್ಟು ಉಳಿದದ್ದನ್ನೆಲ್ಲ ಡೆಬಿಯನ್‌ಗೆ ಕೊಟ್ಟೆ. ವಿಂಡೋಸ್ ಇನ್ನು ಪ್ರಿಂಟರಿಗೆ ಮತ್ತು ಹಳೆಯ ಫೈಲ್ ಮೂಲದಲ್ಲಿ ಹೇಗಿತ್ತೆಂದು ನೋಡುವುದಕ್ಕೆ ಮಾತ್ರ, ಇಂಟರ್ನೆಟ್ ಸಂಪರ್ಕವಿಲ್ಲದೆ. ನನ್ನ ಕೋಡಿನ ಕೆಲಸಕ್ಕೆ ಡೆಬಿಯನ್ ಸಾಕು, ಸರ್ವರಿನಲ್ಲಿ ಇರುವುದೂ ಲಿನಕ್ಸೇ. ಮ್ಯಾಕ್‌ನಲ್ಲಾಗಲಿ ವಿಂಡೋಸ್‌ನಲ್ಲಾಗಲಿ ಡಾಕರ್ (ಪ್ರೋಗ್ರಾಮ್‌ಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿಟ್ಟು ಓಡಿಸುವ ತಂತ್ರಾಂಶ) ಓಡಿಸಿದರೆ ಒಳಗೊಂದು ಲಿನಕ್ಸ್ ಎದ್ದು ನಿಲ್ಲುತ್ತದೆ, 8 ಜಿಬಿಯ ಈ ಯಂತ್ರಕ್ಕೆ ಆ ಭಾರ ತಪ್ಪಿತು.

ಉಳಿದ ಒಂಬತ್ತು ಫೈಲ್‌ಗಳು ನುಡಿಯವೇ ಅಲ್ಲ, ಶ್ರೀಲಿಪಿ ಎಂಬ ಬೇರೊಂದು ತಂತ್ರಾಂಶದವು. ಅಕ್ಷರಗಳ ಪಟ್ಟಿಯನ್ನು ಮತ್ತೆ ಮೊದಲಿನಿಂದ ಕಟ್ಟಬೇಕು. ಒಂಬತ್ತು ಫೈಲಿಗೆ ಅಷ್ಟು ಶ್ರಮವೇ ಎಂದು ನಾನು ಲೆಕ್ಕ ಹಾಕುತ್ತಿರುವಾಗ ಅಪ್ಪ ಅವುಗಳ ಹಳೆಯ ಮುದ್ರಿತ ಪ್ರತಿಯನ್ನು ಅಟ್ಟದಿಂದ ಇಳಿಸಿ, ಡೆಬಿಯನ್‌ನಲ್ಲಿ ತಾವೇ ಟೈಪ್ ಮಾಡಲು ಕೂತಿದ್ದಾರೆ. ಇವತ್ತು ಸಂಜೆಗೆ ಒಂದೂವರೆ ಪುಟ ಆಗಿತ್ತು. ನಡುನಡುವೆ ವಾಕ್ಯಗಳನ್ನು ತಿದ್ದುತ್ತಲೂ ಇದ್ದಾರೆ.