ಮೂವರೂ ಎಂಎಲ್‌ಸಿಗಳೇ, ವಿಶ್ವನಾಥ್ ಮಾತ್ರ ಯಾಕೆ ಮಂತ್ರಿಯಾಗಲಿಲ್ಲ?

‘ಯಡಿಯೂರಪ್ಪ ಸರ್ಕಾರ ಬರೋಕೆ ಶಾಸಕ ಸ್ಥಾನ ಕಳೆದುಕೊಂಡವರು ಇವರೆಲ್ಲ. ಎಂಟಿಬಿ ಮಂತ್ರಿಯಾದರು, ಶಂಕರ್ ಮಂತ್ರಿಯಾದರು, ವಿಶ್ವನಾಥ್ ಮಾತ್ರ ಯಾಕೆ ಆಗಲಿಲ್ಲ? ಮೂವರೂ ಎಂಎಲ್‌ಸಿಗಳೇ, ವಿಧಾನ ಪರಿಷತ್ ಸದಸ್ಯರೇ ತಾನೆ?’ ಪಕ್ಷಾಂತರದ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು. ಕೇಳುವವರ ಬಳಿ ಉತ್ತರವೂ ಸಿದ್ಧವಿರುತ್ತದೆ: ಪಕ್ಷ ಕೈಕೊಟ್ಟಿತು ಅಂತ. ನಾನು ಹಾಗೆ ಹೇಳುವುದಿಲ್ಲ. ಅವರನ್ನು ತಡೆದದ್ದು ಸಂವಿಧಾನದ ಒಂದು ಸಾಲು.

ಅಡಗೂರು ಎಚ್. ವಿಶ್ವನಾಥ್ 1978ರಲ್ಲಿ ಕೆ.ಆರ್. ನಗರದಿಂದ ಗೆದ್ದು ವಿಧಾನಸಭೆಗೆ ಬಂದವರು. ಎಸ್.ಎಂ. ಕೃಷ್ಣ ಸಂಪುಟದಲ್ಲಿ ಶಿಕ್ಷಣ ಖಾತೆ, 2009ರಲ್ಲಿ ಮೈಸೂರಿನ ಸಂಸದ ಸ್ಥಾನ, ಎಲ್ಲವೂ ಕಾಂಗ್ರೆಸ್‌ನಿಂದಲೇ. 2017ರಲ್ಲಿ ಜೆಡಿಎಸ್ ಸೇರಿದರು, ಮರುವರ್ಷ ಹುಣಸೂರು ಗೆದ್ದರು, ಆ ಪಕ್ಷದ ರಾಜ್ಯಾಧ್ಯಕ್ಷರೂ ಆದರು. 2019ರ ಜುಲೈನಲ್ಲಿ ಸ್ಪೀಕರ್ ರಮೇಶ್ ಕುಮಾರ್ ಪಕ್ಷಾಂತರಕ್ಕಾಗಿ ಅನರ್ಹಗೊಳಿಸಿದ 17 ಶಾಸಕರಲ್ಲಿ ಇವರೂ ಒಬ್ಬರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ದಾರಿ ಬಿಟ್ಟಿತು. ಡಿಸೆಂಬರ್‌ನಲ್ಲಿ ಬಿಜೆಪಿಯಿಂದ ನಿಂತ ವಿಶ್ವನಾಥ್‌ರನ್ನು ಹುಣಸೂರಿನ ಜನ ಸೋಲಿಸಿದರು.

ನನಗೆ ಮುಖ್ಯವೆನಿಸುವುದು ಇಲ್ಲಿಂದ ಮುಂದಿನದು. 2003ರ 91ನೇ ತಿದ್ದುಪಡಿ ಸಂವಿಧಾನಕ್ಕೆ 164(1ಬಿ) ವಿಧಿ ಸೇರಿಸಿತು. ಪಕ್ಷಾಂತರಕ್ಕಾಗಿ ಅನರ್ಹನಾದ ಶಾಸಕ, ತನ್ನ ಸದಸ್ಯತ್ವದ ಅವಧಿ ಮುಗಿಯುವವರೆಗೆ ಮಂತ್ರಿಯಾಗುವಂತಿಲ್ಲ. ಅದಕ್ಕೂ ಮೊದಲು ಚುನಾವಣೆಗೆ ನಿಂತರೆ, ಗೆದ್ದನೆಂದು ಘೋಷಣೆಯಾದ ದಿನಕ್ಕೆ ತಡೆ ಕೊನೆಯಾಗುತ್ತದೆ. ನಿಂತರೆ ಸಾಲದು, ಗೆಲ್ಲಬೇಕು.

ಎಂಟಿಬಿ ನಾಗರಾಜ್ ಕೂಡ ಹೊಸಕೋಟೆಯಲ್ಲಿ ಸೋತಿದ್ದರು. ಆದರೆ ಅವರೂ ಆರ್. ಶಂಕರ್ ಕೂಡ 2020ರ ಜೂನ್‌ನಲ್ಲಿ, ಶಾಸಕರು ಮತದಾರರಾಗಿರುವ ಚುನಾವಣೆಯ ಮೂಲಕ ಪರಿಷತ್ತಿಗೆ ಬಂದರು. ವಿಶ್ವನಾಥ್ ಬಂದದ್ದು ಮರುತಿಂಗಳು, ಸರ್ಕಾರದ ಶಿಫಾರಸಿನ ಮೇಲೆ ರಾಜ್ಯಪಾಲರು ಮಾಡಿದ ನಾಮನಿರ್ದೇಶನದಿಂದ. ಮೂವರನ್ನೂ ಮಂತ್ರಿ ಮಾಡಬಾರದೆಂದು ಹೈಕೋರ್ಟ್‌ಗೆ ಅರ್ಜಿ ಹೋಯಿತು. ನವೆಂಬರ್ 30ರ ಮಧ್ಯಂತರ ಆದೇಶದಲ್ಲಿ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ನೇತೃತ್ವದ ಪೀಠ ಉಳಿದಿಬ್ಬರನ್ನು ಬಿಟ್ಟು ವಿಶ್ವನಾಥ್‌ರನ್ನು ಮಾತ್ರ ತಡೆಯಿತು: ಅವರಿಬ್ಬರು ಚುನಾಯಿತರು, ಇವರು ನಾಮನಿರ್ದೇಶಿತರು. 2021ರ ಜನವರಿ 28ರಂದು ಸುಪ್ರೀಂ ಕೋರ್ಟ್ ಅವರ ಮೇಲ್ಮನವಿಯನ್ನೂ ತಳ್ಳಿಹಾಕಿತು.

‘ಹಾಗಾದರೆ ನಾಮನಿರ್ದೇಶಿತರು ಮಂತ್ರಿಯಾಗಲೇಬಾರದಾ?’ ಅನ್ನುವುದು ಮುಂದಿನ ಪ್ರಶ್ನೆ. ಆಗಬಹುದು. ವಿಶ್ವನಾಥ್ ಜೊತೆಗೇ ನಾಮನಿರ್ದೇಶನಗೊಂಡ ಸಿ.ಪಿ. ಯೋಗೇಶ್ವರ್ 2021ರ ಜನವರಿಯಲ್ಲಿ ಮಂತ್ರಿಯಾದರಲ್ಲ! ಅವರ ತಲೆಯ ಮೇಲೆ ಅನರ್ಹತೆ ಇರಲಿಲ್ಲ, ಅಷ್ಟೇ.

ನ್ಯಾಯಾಲಯ ಮಾಡಿದ್ದು ಸರಿ ಎಂದೇ ನಾನು ನಂಬಿದ್ದೇನೆ. ಸರ್ಕಾರ ಕಟ್ಟಲು ನೆರವಾದವರ ಅನರ್ಹತೆಯನ್ನು ಅದೇ ಸರ್ಕಾರ ನಾಮನಿರ್ದೇಶನದಿಂದ ತೊಳೆದುಬಿಡುವುದಾದರೆ ಆ ವಿಧಿ ಇದ್ದೂ ಏನು ಪ್ರಯೋಜನ? ಆದರೆ ಒಂದು ನೋವು ನನ್ನಲ್ಲಿ ಉಳಿದಿದೆ. ಜೂನ್‌ನ ಆ ಪರಿಷತ್ ಚುನಾವಣೆಯಲ್ಲಿ ಮತದಾನವೇ ನಡೆಯಲಿಲ್ಲ. ಏಳು ಸ್ಥಾನಕ್ಕೆ ಏಳೇ ಅಭ್ಯರ್ಥಿಗಳು, ಎಲ್ಲರೂ ಅವಿರೋಧ. ಹೊಸಕೋಟೆಯ ಜನ ಬೇಡವೆಂದವರು ಒಂದೂ ಮತ ಬೀಳದೆ ‘ಚುನಾಯಿತ’ರಾದರು. ಹುಣಸೂರಿನ ಜನ ಬೇಡವೆಂದವರು ಹೊರಗುಳಿದರು. ಎರಡೂ ಕಡೆ ಜನ ಕೊಟ್ಟ ತೀರ್ಪು ಒಂದೇ ಆಗಿತ್ತು.